ಹೊಸ ಮರಗಪ್ಪೆ ಮನೆಗೆ ಬಂದಿದೆ: ಏನು ತಿನ್ನಿಸಬೇಕು, ಎಲ್ಲಿಡಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ನಾಯಿ, ಬೆಕ್ಕು, ಲವ್ ಬರ್ಡ್ಸ್ ಬಗ್ಗೆ ಬರೆದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಿರಿ. ಈ ಸಲ ಪೂರ್ತಿ ಮರಗಪ್ಪೆಗಳಿಗೇ ಮೀಸಲು. ವಿದೇಶದಲ್ಲಿರುವ ನಮ್ಮವರಿಂದ ಈ ಬಗ್ಗೆ ಪತ್ರಗಳು ಬರುತ್ತಲೇ ಇವೆ, ಊರಿನಿಂದಲೂ ಬಂದಿವೆ. ಹೊಸದಾಗಿ ತಂದ ಕಪ್ಪೆಗೆ ಮೊದಲ ಕೆಲವು ವಾರಗಳೇ ಗಂಡಾಂತರ, ಹಾಗಾಗಿ ತಡ ಮಾಡುವ ಹಾಗಿಲ್ಲ.

ಪ್ರಶ್ನೆ: ಮೇಡಂ, ನಾವು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇವೆ. ಮಗಳ ಹುಟ್ಟುಹಬ್ಬಕ್ಕೆ ಎರಡು ವೈಟ್ಸ್ ಟ್ರೀ ಫ್ರಾಗ್ (ಆಸ್ಟ್ರೇಲಿಯಾದ ದೊಡ್ಡ ಮರಗಪ್ಪೆ) ತಂದೆವು. ಅಂಗಡಿಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಕ್ರಿಕೆಟ್ ಅನ್ನುವ, ಮಿಡತೆಯಂಥ ಹುಳು ಕೊಟ್ಟು ಕಳಿಸಿದರು, ಬೇರೇನೂ ಹೇಳಲಿಲ್ಲ. ಒಂದು ಕಪ್ಪೆ ತಿನ್ನುತ್ತಿದೆ. ಇನ್ನೊಂದು ಬಂದಾಗಿನಿಂದ ಏನೂ ಮುಟ್ಟಿಲ್ಲ, ಹಸಿರಿದ್ದದ್ದು ಕಂದು ಬಣ್ಣಕ್ಕೆ ತಿರುಗಿದೆ. ಮಗಳು ದಿನಾ ಕೈಯಲ್ಲಿ ಹಿಡಿದು ಮುದ್ದು ಮಾಡುತ್ತಾಳೆ. ಭಯವಾಗುತ್ತಿದೆ. — ಒಬ್ಬ ತಾಯಿ, ಆಸ್ಟಿನ್

ಉತ್ತರ: ಮುದ್ದು ಮಾಡುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಯ ಹತ್ತಿರ ತೆಳ್ಳಗಿನ ಚರ್ಮ ಇರುತ್ತದಲ್ಲ, ಅದರಿಂದ ಹೀರಿಕೊಳ್ಳುತ್ತದೆ. ಉಸಿರಾಟದಲ್ಲೂ ಒಂದು ಪಾಲು ಚರ್ಮದ್ದೇ. ಹಾಗಾಗಿ ಮಗಳ ಕೈಯಲ್ಲಿ ಸೋಪು, ಲೋಷನ್, ಸ್ಯಾನಿಟೈಸರ್, ಚಿಪ್ಸ್ ತಿಂದ ಉಪ್ಪು ಏನೇ ಇದ್ದರೂ ಅದು ಕಪ್ಪೆಯ ಮೈಯೊಳಗೇ ಹೋಗುತ್ತದೆ. ಡಬ್ಬಿ ತೊಳೆಯುವಾಗಲೋ, ಡಾಕ್ಟರ ಹತ್ತಿರ ಒಯ್ಯುವಾಗಲೋ ಎತ್ತಲೇಬೇಕು ಅಂದರೆ ಕೈ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವಂತೆ ಚೆನ್ನಾಗಿ ಜಾಲಿಸಿ, ಕ್ಲೋರಿನ್ ತೆಗೆದ ನೀರಿನಲ್ಲಿ ಒದ್ದೆ ಮಾಡಿಕೊಂಡು ಎತ್ತಿ. ಒಣಗಿದ ಕೈಯಲ್ಲಿ ಬೇಡವೇ ಬೇಡ. ಪುಡಿ ಹಾಕದ ಕೈಗವಸು ಇದ್ದರೆ ಇನ್ನೂ ಒಳ್ಳೆಯದು.

ಇಟ್ಟ ಮೇಲೆ ಮಗಳ ಕೈಗೆ ಮತ್ತೆ ಸೋಪು ಹಾಕಿ ತೊಳೆಸಿ, ಇದು ಅವಳ ಸಲುವಾಗಿ. ನೋಡುವುದಕ್ಕೆ ಗಟ್ಟಿಮುಟ್ಟಾಗಿರುವ ಕಪ್ಪೆಯ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ, ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ನಿಮ್ಮ ಅಮೆರಿಕದಲ್ಲೇ 2009ರಿಂದ 2011ರ ನಡುವೆ, ಸಾಕಲು ಮಾರುವ ಪುಟ್ಟ ನೀರುಗಪ್ಪೆಗಳಿಂದ ಇದು ಹರಡಿ 241 ಜನ ಕಾಯಿಲೆ ಬಿದ್ದರು, ಹೆಚ್ಚಿನವರು ಸಣ್ಣ ಮಕ್ಕಳು. ಕಪ್ಪೆಯ ಪಾತ್ರೆ, ಗಾಜಿನ ಪೆಟ್ಟಿಗೆ ಯಾವುದನ್ನೂ ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ.

ಇನ್ನು ತಿನ್ನದೆ ಕೂತಿರುವ ಕಪ್ಪೆ. ಅಂಗಡಿಯಿಂದ ಮನೆಗೆ ಬಂದ ಕಪ್ಪೆ ಒಂದು ವಾರ ಏನೂ ತಿನ್ನದೇ ಇರುವುದು ಮಾಮೂಲು. ದೊಡ್ಡದಾಗಿ ಬೆಳೆದ ಕಪ್ಪೆಗೆ ಅದರಿಂದ ತೊಂದರೆಯಿಲ್ಲ. ಕಂದು ಬಣ್ಣಕ್ಕೂ ಸುಮ್ನೆ ಗಾಬರಿಯಾಗಬೇಡಿ. ಚಳಿಯಾದರೆ, ಹೆದರಿದರೆ, ಕೂತ ಜಾಗ ಕಪ್ಪಗಿದ್ದರೆ ಈ ಜಾತಿ ಬಣ್ಣ ಬದಲಿಸುತ್ತದೆ. ಪೆಟ್ಟಿಗೆಯ ಮೂರು ಬದಿಗೆ ಕಾಗದ ಅಂಟಿಸಿ, ಟಿವಿಯಿಂದ ದೂರ ಇಡಿ, ಸಂಜೆ ದೀಪ ಆರಿಸಿದ ಮೇಲೆ ಹುಳು ಬಿಡಿ, ಬಿಟ್ಟು ಆಚೆ ಬನ್ನಿ. ಎದುರಿಗೇ ಕೂತು ತಿನ್ನುತ್ತಾ ಅಂತ ನೋಡುತ್ತಿದ್ದರೆ ಅದು ತಿನ್ನುವುದಿಲ್ಲ. ಆದರೆ ಎರಡು ವಾರವಾದರೂ ಮುಟ್ಟದಿದ್ದರೆ, ಹೊಟ್ಟೆ ಒಳಗೆ ಹೋಗಿ ಸೊಂಟದ ಮೂಳೆ ಎದ್ದು ಕಂಡರೆ, ಹಗಲೂ ರಾತ್ರಿ ನೀರಿನ ಬಟ್ಟಲಲ್ಲೇ ಬಿದ್ದುಕೊಂಡಿದ್ದರೆ, ತೊಡೆಯ ಒಳಭಾಗ ಕೆಂಪಾಗಿದ್ದರೆ ಕಾಯಬೇಡಿ. ನಾಯಿ ಬೆಕ್ಕು ಮಾತ್ರ ನೋಡುವ ಕಡೆ ಹೋಗಿ ಪ್ರಯೋಜನವಿಲ್ಲ, ಹಾವು ಹಲ್ಲಿ ಕಪ್ಪೆ ನೋಡುವ ಪಶುವೈದ್ಯರು ಅಮೆರಿಕದಲ್ಲಿ ಸಿಗುತ್ತಾರೆ, ಅವರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ.

ಆ ಪ್ಲಾಸ್ಟಿಕ್ ಡಬ್ಬಿ ಮನೆಯಲ್ಲ, ದಾರಿಗೆ ಅಂತ ಕೊಟ್ಟದ್ದು. ಎರಡು ಕಪ್ಪೆಗೆ ಕಡಿಮೆ ಅಂದರೂ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ಪೆಟ್ಟಿಗೆ ಬೇಕು. ಮರ ಹತ್ತುವ ಜೀವಕ್ಕೆ ಎತ್ತರ ಮುಖ್ಯ. ಮೇಲೆ ಜಾಲರಿಯ ಮುಚ್ಚಳ, ಅದಕ್ಕೆ ಗಟ್ಟಿ ಚಿಲಕ. ಇವುಗಳ ಕಾಲ್ಬೆರಳ ತುದಿಯ ಅಂಟುಗುಂಡು ನೇರ ಗಾಜಿನ ಮೇಲೂ ಹತ್ತಿಸುತ್ತದೆ, ಸಡಿಲ ಮುಚ್ಚಳವನ್ನು ತಲೆಯಲ್ಲೇ ನೂಕಿ ಹೊರಗೆ ಬರುತ್ತವೆ.

ಮೊದಲ ಒಂದು ತಿಂಗಳು ಮಾತ್ರ ಒಳಗಡೆ ಏನೂ ಅಲಂಕಾರ ಬೇಡ. ಕೆಳಗೆ ಒದ್ದೆ ಮಾಡಿದ ಪೇಪರ್ ಟವೆಲ್, ಒಂದು ನೀರಿನ ಬಟ್ಟಲು, ಹತ್ತಿ ಕೂರಲು ಒಂದು ಕೊಂಬೆ, ಅಡಗಲು ಪ್ಲಾಸ್ಟಿಕ್ ಎಲೆ. ಅಷ್ಟೇ. ಹೀಗಿದ್ದರೆ ಅದು ಹಿಕ್ಕೆ ಹಾಕಿತಾ, ಹಿಕ್ಕೆ ಗಟ್ಟಿ ಇದೆಯಾ ನೀರಾಗಿದೆಯಾ ಅಂತ ಕಾಣುತ್ತದೆ. ತಾಜಾ ಹಿಕ್ಕೆಯನ್ನು ಡಾಕ್ಟರಿಗೆ ಕೊಟ್ಟರೆ ಹೊಟ್ಟೆಹುಳು ಪರೀಕ್ಷೆ ಮಾಡಿಕೊಡುತ್ತಾರೆ. ಸಾಧ್ಯವಾದರೆ ಎರಡನ್ನೂ ಈ ಒಂದು ತಿಂಗಳು ಬೇರೆ ಬೇರೆ ಇಡಿ. ತಿನ್ನದಿರುವುದು ಯಾವುದು ಅಂತಲೂ ಗೊತ್ತಾಗುತ್ತದೆ, ಒಂದರ ಕಾಯಿಲೆ ಇನ್ನೊಂದಕ್ಕೆ ಅಂಟುವುದೂ ತಪ್ಪುತ್ತದೆ. ಮುಂದೆ ಒಟ್ಟಿಗೆ ಬಿಡುವಾಗ ಇಬ್ಬರ ಗಾತ್ರ ಒಂದೇ ಇರಲಿ. ಈ ಜಾತಿ ಬಾಯಿಗೆ ಹಿಡಿಯುವ ಯಾವುದನ್ನೂ ಬಿಡುವುದಿಲ್ಲ, ಚಿಕ್ಕ ಕಪ್ಪೆಯನ್ನೂ ಸಹ.

ತಿಂಗಳಾದ ಮೇಲೆ ಪೇಪರ್ ತೆಗೆದು ತೆಂಗಿನ ನಾರಿನ ಪುಡಿ ಹಾಕಬಹುದು, ಅದೇ ಕೋಕೋಪೀಟ್. ಗೊಬ್ಬರ ಬೆರೆಸಿದ ಕುಂಡದ ಮಣ್ಣು ಬೇಡ. ಸಣ್ಣ ಕಲ್ಲು, ಜಲ್ಲಿ ಖಂಡಿತ ಬೇಡ, ಹುಳುವಿನ ಜೊತೆ ಕಲ್ಲನ್ನೂ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ದಪ್ಪ ಕೊಂಬೆಗಳನ್ನು ಓರೆಯಾಗಿ ನಿಲ್ಲಿಸಿ. ಬೆಳೆದ ವೈಟ್ಸ್ ಕಪ್ಪೆ ಹತ್ತು ಸೆಂಟಿಮೀಟರ್ ದಾಟುತ್ತದೆ, ಭಾರವೂ ಜಾಸ್ತಿ, ತೆಳ್ಳಗಿನ ಕಡ್ಡಿ ತಡೆಯುವುದಿಲ್ಲ. ಮನಿಪ್ಲಾಂಟ್ ಚೆನ್ನಾಗಿ ಹೊಂದುತ್ತದೆ, ಆದರೆ ನರ್ಸರಿಯಲ್ಲಿ ಔಷಧಿ ಹೊಡೆದಿರುತ್ತಾರೆ, ಎಲೆ ತೊಳೆದು ಬೇರೆ ಮಣ್ಣಿಗೆ ಹಾಕಿ ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗಿಡಿ.

ನೀರಿನ ವಿಷಯಕ್ಕೆ ಬರುತ್ತೇನೆ, ಇಲ್ಲೇ ಹೆಚ್ಚಿನವರು ಎಡವುವುದು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕ್ಲೋರಿನ್ ಹೋಗುತ್ತದೆ ನಿಜ. ಆದರೆ ಅಮೆರಿಕದ ಬಹಳಷ್ಟು ನಗರಗಳಲ್ಲಿ ಈಗ ಹಾಕುವುದು ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು, ಅದು ಒಂದು ದಿನಕ್ಕೆ ಹೋಗುವಂಥದ್ದಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಎರಡನ್ನೂ ತೆಗೆಯುವ ವಾಟರ್ ಕಂಡೀಷನರ್ ಸಿಗುತ್ತದೆ, ಶೀಶೆಯ ಮೇಲೆ ಕ್ಲೋರಮೈನ್ ಅಂತ ಬರೆದಿದೆಯಾ ನೋಡಿ ತನ್ನಿ. ಡಿಸ್ಟಿಲ್ಡ್ ವಾಟರ್ ಶುದ್ಧ ಅಲ್ವಾ ಅಂತ ಅದನ್ನು ಬಟ್ಟಲಿಗೆ ಹಾಕುವವರಿದ್ದಾರೆ. ಅದರಲ್ಲಿ ಲವಣವೇ ಇಲ್ಲ, ಕೂತ ಕಪ್ಪೆಯ ಮೈಯ ಲವಣ ನೀರಿಗೆ ಹೋಗುತ್ತದೆ. ಗಾಜಿಗೆ ಚಿಮುಕಿಸಲು ಸರಿ, ಕೂರಲು ಬೇಡ. ಬಟ್ಟಲು ಅಗಲವಾಗಿರಲಿ, ಕೂತರೆ ನೀರು ಅದರ ಗದ್ದಕ್ಕಿಂತ ಕೆಳಗಿರಲಿ. ನೀರಲ್ಲೇ ಹಿಕ್ಕೆ ಹಾಕುತ್ತದೆ, ಅದೇ ನೀರನ್ನು ಚರ್ಮದಿಂದ ಹೀರುತ್ತದೆ. ಆದ್ದರಿಂದ ದಿನಾ ಬದಲಿಸಬೇಕು, ಹಬ್ಬ, ಹರಿದಿನ, ನೆಂಟರು ಯಾವ ನೆಪವೂ ಇಲ್ಲ.

ಹಗಲು 24ರಿಂದ 28 ಡಿಗ್ರಿ ಸೆಲ್ಸಿಯಸ್, ನಿಮ್ಮ ಲೆಕ್ಕದಲ್ಲಿ 75ರಿಂದ 82 ಫ್ಯಾರನ್‌ಹೀಟ್. ರಾತ್ರಿ ಮೂರ್ನಾಲ್ಕು ಡಿಗ್ರಿ ಇಳಿದರೆ ಸರಿ. ಆಸ್ಟಿನ್‌ನಲ್ಲಿ ನಿಮಗೆ ಬಿಸಿಗಿಂತ ಎಸಿಯದ್ದೇ ಯೋಚನೆ, ಎಸಿ ಗಾಳಿ ನೇರ ಬೀಳುವಲ್ಲಿ ಪೆಟ್ಟಿಗೆ ಇಡಬೇಡಿ. ಕಿಟಕಿಯ ಬಿಸಿಲಲ್ಲೂ ಬೇಡ, ಬಿಸಿಲು ಬಿದ್ದ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿಗೇ ಒಲೆಯಾಗುತ್ತದೆ. ಶಾಖ ಬೇಕಾದರೆ ಹೊರಗಿನಿಂದ ಕೊಡಿ, ಥರ್ಮೋಸ್ಟಾಟ್ ಜೊತೆ. ತೇವ 50ರಿಂದ 70 ಶೇಕಡಾ ಸಾಕು. ಕಪ್ಪೆ ಅಂದ ತಕ್ಷಣ ದಿನವಿಡೀ ನೀರು ಚಿಮುಕಿಸಿ ಗಾಜೆಲ್ಲ ಬೆವರುವಂತೆ ಮಾಡುತ್ತಾರೆ. ಇದು ಉತ್ತರ ಮತ್ತು ಪೂರ್ವ ಆಸ್ಟ್ರೇಲಿಯಾದ ಜೀವ, ಅಲ್ಲಿ ಒಣ ಕಾಲವೂ ಉಂಟು. ಗಾಳಿಯಾಡದೆ ಸದಾ ಒದ್ದೆಯಾಗಿದ್ದರೆ ಚರ್ಮಕ್ಕೆ ಸೋಂಕು ಹತ್ತುತ್ತದೆ. ಸಂಜೆ ಒಮ್ಮೆ ಚಿಮುಕಿಸಿ, ಬೆಳಗ್ಗೆ ಹೊತ್ತಿಗೆ ಗಾಜು ಒಣಗಿರಬೇಕು. ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ, ಕಡಿಮೆ ಶಕ್ತಿಯ ಯುವಿಬಿ ದೀಪ ಹಗಲಲ್ಲಿ ಹಾಕಿದರೆ ಮೂಳೆಗೆ ಒಳ್ಳೆಯದು.

ಇನ್ನು ಊಟ. ಮರಿಗೆ ದಿನಾ ಅಥವಾ ದಿನ ಬಿಟ್ಟು ದಿನ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ ಸಾಕೇ ಸಾಕು, ಒಂದು ಸಲಕ್ಕೆ ನಾಲ್ಕೈದು ದೊಡ್ಡ ಕ್ರಿಕೆಟ್. ಹುಳುವಿನ ಗಾತ್ರ ಕಪ್ಪೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಬರೀ ಕ್ರಿಕೆಟ್ ಬೇಡ, ಡೂಬಿಯಾ ಜಿರಳೆ, ಎರೆಹುಳು ಕೂಡ ಕೊಡಿ. ವ್ಯಾಕ್ಸ್ ವರ್ಮ್ (ಮೇಣದ ಪತಂಗದ ಮರಿಹುಳು) ಬರೀ ಕೊಬ್ಬು, ಯಾವಾಗಲಾದರೂ ಒಂದು. ಕಣ್ಣಿನ ಮೇಲಿನ ಮಡಿಕೆ ಇಳಿಬಿದ್ದು ಕಣ್ಣನ್ನೇ ಮುಚ್ಚುತ್ತಿದ್ದರೆ ಮುದ್ದಾಗಿದೆ ಅಂದುಕೊಳ್ಳಬೇಡಿ, ಬೊಜ್ಜು ಬಂದಿದೆ ಅಂತ ಅರ್ಥ.

ಅಂಗಡಿಯ ಕ್ರಿಕೆಟ್ ಹೆಚ್ಚಾಗಿ ಹಸಿದುಕೊಂಡೇ ಇರುತ್ತದೆ. ಖಾಲಿ ಹೊಟ್ಟೆಯ ಹುಳು ತಿಂದರೆ ಕಪ್ಪೆಗೆ ಏನೂ ಸಿಗುವುದಿಲ್ಲ. ತಂದ ಮೇಲೆ ಒಂದೆರಡು ದಿನ ಹುಳುಗಳಿಗೆ ಕ್ಯಾರೆಟ್, ಸೊಪ್ಪು, ಸಿಹಿಗೆಣಸು ತಿನ್ನಿಸಿ. ಕ್ರಿಕೆಟ್‌ನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಅದಕ್ಕೇ ಕೊಡುವ ಮುಂಚೆ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯನ್ನು ಒಂದು ಕವರಿಗೆ ಹಾಕಿ ಹುಳುಗಳನ್ನು ಅದರಲ್ಲಿ ಅಲ್ಲಾಡಿಸಿ. ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ದವಡೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ. ವಾರಕ್ಕೊಮ್ಮೆ ವಿಟಮಿನ್ ಪುಡಿ, ಅದರಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇರಬೇಕು. ಅದು ಕಡಿಮೆಯಾದರೆ ನಾಲಗೆಯ ಅಂಟೇ ಹೋಗುತ್ತದೆ. ಕಪ್ಪೆ ಹಸಿದಿರುತ್ತದೆ, ಗುರಿಯಿಟ್ಟು ಹಾರುತ್ತದೆ, ಹುಳು ಮಾತ್ರ ನಾಲಗೆಗೆ ಹತ್ತುವುದಿಲ್ಲ. ಕಪ್ಪೆಗೆ ಮಂಕು ಬಡಿದಿದೆ ಅಂದುಕೊಳ್ಳುತ್ತಾರೆ, ಆದರೆ ಕಾರಣ ಪುಡಿಯಲ್ಲಿರುತ್ತದೆ.

ತಿನ್ನುವುದನ್ನು ಮಗಳಿಗೆ ಒಮ್ಮೆ ದೂರದಿಂದ ತೋರಿಸಿ. ಹುಳು ಅಲ್ಲಾಡುವವರೆಗೂ ಕಪ್ಪೆ ಕಲ್ಲಿನ ಹಾಗೆ ಕೂತಿರುತ್ತದೆ. ಮೀಸೆ ಒಂದು ಚೂರು ಕದಲಿದರೆ ಸಾಕು, ಮೈಯನ್ನೇ ಮುಂದಕ್ಕೆ ಎಸೆದು ಹಿಡಿಯುತ್ತದೆ. ಹೊರಗೆ ಉಳಿದ ಕಾಲುಗಳನ್ನು ಮುಂಗೈಯಿಂದ ಬಾಯೊಳಗೆ ತುರುಕುತ್ತದೆ. ಆಮೇಲೆ ಎರಡೂ ಕಣ್ಣು ಒಳಗೆ ಹೋಗುತ್ತವೆ. ನಿದ್ದೆ ಬಂದು ಅಲ್ಲ, ಕಣ್ಣುಗುಡ್ಡೆಗಳೇ ಒಳಗಿಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ತಿನ್ನದೆ ಉಳಿದ ಹುಳುಗಳನ್ನು ಬೆಳಗ್ಗೆ ಎತ್ತಿಬಿಡಿ, ಹಸಿದ ಕ್ರಿಕೆಟ್ ಮಲಗಿದ ಕಪ್ಪೆಯ ಚರ್ಮವನ್ನು ಕಚ್ಚುತ್ತದೆ.

ಮತ್ತೊಂದು. ಯಾವಾಗಲಾದರೂ ಅದು ಬೆನ್ನು ಎತ್ತಿ, ಬಾಯಿ ಕಳೆದು ಮುಚ್ಚಿ, ಮೈಯ ಮೇಲಿಂದ ಏನನ್ನೋ ಎಳೆದು ತಿನ್ನುತ್ತಿರುವುದು ಕಂಡರೆ ಹೆದರಬೇಡಿ. ಪೊರೆ ಬಿಡುತ್ತಿದೆ. ಪೊರೆಯನ್ನು ತಾನೇ ತಿನ್ನುತ್ತದೆ.

ಚೆನ್ನಾಗಿ ನೋಡಿಕೊಂಡರೆ ಈ ಕಪ್ಪೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಮಗಳು ಕಾಲೇಜಿಗೆ ಹೋದ ಮೇಲೂ ನೀರು ಬದಲಿಸುವವರು ನೀವೇ ಆಗಿರುತ್ತೀರಿ, ಅದಕ್ಕೆ ಈಗಲೇ ಮನಸ್ಸು ಮಾಡಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮಗ ಕಪ್ಪೆ ತಂದಿದ್ದಾನೆ. ಜೀವ ಇರುವ ಹುಳು ಹಾಕುವುದನ್ನು ನೋಡಿ ನಮ್ಮ ಅತ್ತೆಯವರಿಗೆ ತುಂಬ ಬೇಜಾರು. ಅನ್ನ, ಹಣ್ಣು, ಪನೀರ್ ಏನಾದರೂ ಅಭ್ಯಾಸ ಮಾಡಿಸಬಹುದಾ? — ನ್ಯೂಜೆರ್ಸಿಯ ಓದುಗರು

ಉತ್ತರ: ಆಗುವುದಿಲ್ಲ. ಅಲ್ಲಾಡದೇ ಇರುವುದು ಕಪ್ಪೆಗೆ ಊಟ ಅಂತಲೇ ತೋರುವುದಿಲ್ಲ. ಬಲವಂತವಾಗಿ ತುರುಕಿದರೂ ಅನ್ನ, ಹಾಲಿನ ಪದಾರ್ಥ ಅದರ ಹೊಟ್ಟೆಗೆ ಹಿಡಿಸುವುದಿಲ್ಲ, ಸಾಯುತ್ತದೆ. ನಿಮ್ಮ ಅತ್ತೆಯವರ ಸಂಕಟ ನನಗೆ ಅರ್ಥವಾಗುತ್ತದೆ, ಅದನ್ನು ತಳ್ಳಿಹಾಕಬೇಡಿ. ಹುಳುವಿನ ಡಬ್ಬಿ ಗ್ಯಾರೇಜಿನಲ್ಲೋ ಮಗನ ಕೋಣೆಯಲ್ಲೋ ಇರಲಿ, ಅಡುಗೆಮನೆಗೆ, ದೇವರ ಮನೆಯ ಹತ್ತಿರಕ್ಕೆ ಬರುವುದು ಬೇಡ. ಊಟ ಹಾಕುವುದು ರಾತ್ರಿಯಾದ್ದರಿಂದ ಅವರು ಮಲಗಿದ ಮೇಲೆ ಮಗನೇ ಹಾಕಲಿ. ಇದು ಯಾವ ಕಾರಣಕ್ಕೂ ಆಗದ ಮಾತು ಅಂತಾದರೆ ಕಪ್ಪೆ ಸಾಕುವ ಬೇರೆ ಮನೆಯವರಿಗೆ ಕೊಟ್ಟುಬಿಡಿ. ಅದರಲ್ಲಿ ಅವಮಾನವೇನಿಲ್ಲ.

ಹಿತ್ತಲಿನ ಹುಳು ಹಿಡಿದು ಹಾಕಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಅಕ್ಕಪಕ್ಕದ ಲಾನಿಗೆ ಯಾರು ಏನು ಔಷಧಿ ಹೊಡೆದಿದ್ದಾರೋ ಗೊತ್ತಾಗುವುದಿಲ್ಲ. ಮಿಂಚುಹುಳವಂತೂ ಕಪ್ಪೆಗೆ ನೇರ ವಿಷ, ನಿಮ್ಮ ಕಡೆ ಬೇಸಿಗೆಯಲ್ಲಿ ಅವು ಬೇಕಾದಷ್ಟು ಇರುತ್ತವೆ, ಮಗನಿಗೆ ಹೇಳಿಡಿ.

ಇನ್ನೊಂದು ಗಮನಿಸಿ. ಅಲ್ಲಿನ ಅಂಗಡಿಗಳಲ್ಲಿ ಗ್ರೀನ್ ಟ್ರೀ ಫ್ರಾಗ್ ಅಂತ ಬರೆದ ಚಿಕ್ಕ, ತೆಳ್ಳಗಿನ, ಪಕ್ಕೆಯಲ್ಲಿ ಬಿಳಿ ಪಟ್ಟಿ ಇರುವ ಕಪ್ಪೆ ಅಮೆರಿಕದ್ದೇ ಜಾತಿ, ಬಹಳಷ್ಟು ಸಲ ಕಾಡಿನಿಂದ ಹಿಡಿದು ತಂದದ್ದು. ಹೊಟ್ಟೆಹುಳು ಜಾಸ್ತಿ, ಹೆದರಿಕೆಯೂ ಜಾಸ್ತಿ. ವೈಟ್ಸ್ ಕಪ್ಪೆಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಅದನ್ನು ಇಡಲೇಬಾರದು. ಕೊಳ್ಳುವುದಾದರೆ ಸಾಕಿ ಮರಿ ಮಾಡಿಸಿದವರ ಹತ್ತಿರವೇ ಕೊಳ್ಳಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ ಬರುತ್ತೇವೆ. ಕಪ್ಪೆಗೆ ತುಂಬ ಹುಳು ಬಿಟ್ಟು ಬಂದರೆ ಸಾಕಾ? — ಚಿಕಾಗೋದಿಂದ

ಉತ್ತರ: ಖಂಡಿತ ಸಾಲದು. ಬೆಳೆದ ಕಪ್ಪೆ ಒಂದು ವಾರ ಊಟವಿಲ್ಲದೆ ಇರುತ್ತದೆ, ಆದರೆ ನೀರು ಬದಲಿಸದೆ ಇರಲಾಗುವುದಿಲ್ಲ. ತುಂಬ ಹುಳು ಬಿಟ್ಟರೆ ಅವೇ ಕಪ್ಪೆಯನ್ನು ಕಚ್ಚುತ್ತವೆ. ಜೊತೆಗೆ ಚಿಕಾಗೋ ಚಳಿ, ಹೊರಡುವಾಗ ಮನೆಯ ಹೀಟರ್ ಇಳಿಸಿ ಬರುವುದು ನಮ್ಮವರ ಅಭ್ಯಾಸ. ಪೆಟ್ಟಿಗೆ ಸಮೇತ ಸ್ನೇಹಿತರ ಮನೆಯಲ್ಲಿ ಬಿಡಿ. ಕಂಡೀಷನರ್ ಹಾಕಿದ ನೀರನ್ನು ಕ್ಯಾನಿನಲ್ಲಿ ತುಂಬಿಟ್ಟು, ಯಾವ ದಿನ ಎಷ್ಟು ಹುಳು ಅಂತ ಚೀಟಿ ಬರೆದು ಅಂಟಿಸಿ, ಹೊರಡುವ ಮುಂಚೆ ಅವರ ಕೈಯಿಂದಲೇ ಎರಡು ಸಲ ಮಾಡಿಸಿ. ಯಾರೂ ಸಿಗದಿದ್ದರೆ ಡಾಕ್ಟರ ಹತ್ತಿರ ವಿಚಾರಿಸಿ, ಕೆಲವರು ದುಡ್ಡು ತೆಗೆದುಕೊಂಡು ಇಟ್ಟುಕೊಳ್ಳುತ್ತಾರೆ. ಹೊರಗೆ ಬಿಟ್ಟುಬರುವ ಯೋಚನೆ ಮಾತ್ರ ಬೇಡ. ಚಳಿಗೆ ಕಪ್ಪೆ ಸಾಯುತ್ತದೆ, ಕಪ್ಪೆಯ ಚರ್ಮಕ್ಕೆ ಹತ್ತುವ ಕೈಟ್ರಿಡ್ ಶಿಲೀಂಧ್ರ ಮೈಮೇಲಿದ್ದರೆ ಅಲ್ಲಿನ ಕಪ್ಪೆಗಳಿಗೂ ಹತ್ತುತ್ತದೆ. ಜಗತ್ತಿನಲ್ಲಿ ಎಷ್ಟೋ ಕಪ್ಪೆ ಜಾತಿಗಳನ್ನು ಆ ಶಿಲೀಂಧ್ರ ಈಗಾಗಲೇ ಅಳಿಸಿಹಾಕಿದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬರು ಕೆಂಪು ಕಣ್ಣಿನ ಮರಗಪ್ಪೆ ಮಾರುತ್ತೇನೆ ಅನ್ನುತ್ತಿದ್ದಾರೆ. ಫೋಟೋ ನೋಡಿದರೆ ಮನಸ್ಸು ತಡೆಯುತ್ತಿಲ್ಲ. ಕೊಳ್ಳಬಹುದಾ? — ಬಿಇ ವಿದ್ಯಾರ್ಥಿ

ಉತ್ತರ: ಕಾಗದ ಕೇಳಿ. ಅದು ಮಧ್ಯ ಅಮೆರಿಕದ ಕಪ್ಪೆ, 2010ರಿಂದ ಸೈಟಿಸ್ ಒಪ್ಪಂದದ (ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಕೇಂದ್ರ ಸರ್ಕಾರದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ಹತ್ತಿರ ಆಮದಿನ ಪತ್ರ, ನೋಂದಣಿ ಇಲ್ಲ ಅಂದರೆ ಅದು ಕದ್ದು ತಂದದ್ದು. ಅದೆಲ್ಲ ಆಮೇಲೆ ಮಾಡಿಸಿಕೊಡುತ್ತೇವೆ ಅಂದರೆ ಎದ್ದು ಬನ್ನಿ. ಸೂಟ್‌ಕೇಸಿನಲ್ಲಿ ಸಾಕ್ಸ್ ಒಳಗೆ ಸುತ್ತಿ ತರುವ ಇಂಥ ಜೀವಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ನೀವು ಕೊಡುವ ದುಡ್ಡು ಅದನ್ನು ಮುಂದುವರಿಸುತ್ತದೆ. ಪಿಜಿ ಕೋಣೆಯಲ್ಲಿ ಇದನ್ನು ಬದುಕಿಸುವುದೂ ಕಷ್ಟ, ವೈಟ್ಸ್ ಕಪ್ಪೆಯಷ್ಟು ತಾಳಿಕೆಯ ಜೀವವಲ್ಲ ಇದು.

ಪ್ರಶ್ನೆ: ನಾನು ಎಂಟನೇ ಕ್ಲಾಸು. ನಮ್ಮ ಬಚ್ಚಲು ಮನೆಯಲ್ಲಿ ಕಂದು ಬಣ್ಣದ ಮರಗಪ್ಪೆ ಬರುತ್ತದೆ. ಬಾಟಲಿಯಲ್ಲಿ ಹಾಕಿ ಸಾಕಬೇಕು ಅಂತ ಆಸೆ. ಅಜ್ಜಿ ಬೈಯುತ್ತಾರೆ. — ತೀರ್ಥಹಳ್ಳಿಯಿಂದ

ಉತ್ತರ: ಅಜ್ಜಿ ಹೇಳಿದ್ದು ಸರಿ ಪುಟ್ಟ, ಹಿಡಿಯಬೇಡ. ಬಾಟಲಿಯೊಳಗೆ ಅದು ಹೆಚ್ಚು ದಿನ ಬದುಕುವುದಿಲ್ಲ. ನೀನು ಸಾಕುವುದೇ ಬೇಡ, ಅದು ನಿಮ್ಮ ಬಚ್ಚಲಿನ ಸೊಳ್ಳೆ, ಜಿರಳೆ, ದೀಪದ ಹುಳು ತಿಂದುಕೊಂಡು ಆರಾಮಾಗಿದೆ. ಬಚ್ಚಲಿಗೆ ಫಿನಾಯಿಲ್, ಆಸಿಡ್ ಹಾಕುವ ದಿನ ಮಾತ್ರ ಅಮ್ಮನಿಗೆ ಹೇಳಿ ಒಂದು ಒದ್ದೆ ಡಬ್ಬಿಯಲ್ಲಿ ಮೆಲ್ಲಗೆ ಹಿತ್ತಲಿಗೆ ಬಿಡು, ಕೈಯಲ್ಲಿ ಮುಟ್ಟದೆ.

ಮಳೆ ಹಿಡಿದ ಮೇಲೆ ನಿಮ್ಮ ನೀರಿನ ತೊಟ್ಟಿಯ ಒಳಗೋಡೆ, ಕೆರೆಗೆ ಬಾಗಿದ ಕೊಂಬೆ ನೋಡು. ಸೋಪಿನ ನೊರೆಯ ಹಾಗೆ ಬೆಳ್ಳಗೆ ಒಂದು ಮುದ್ದೆ ಅಂಟಿರುತ್ತದೆ. ಅದು ಕಪ್ಪೆಯ ಗೂಡು. ಹೆಣ್ಣು ತನ್ನ ಮೈಯಿಂದ ಬಂದ ಅಂಟನ್ನು ಹಿಂಗಾಲಲ್ಲಿ ಕಡೆದು ನೊರೆ ಬರಿಸಿ ಮೊಟ್ಟೆಯನ್ನು ಅದರೊಳಗೆ ಇಟ್ಟಿರುತ್ತದೆ. ಹೊರಗೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಒದ್ದೆಯಾಗೇ ಇರುತ್ತದೆ. ಕೆಲವು ದಿನಕ್ಕೆ ನೊರೆ ಕೆಳಗಡೆ ಮೆತ್ತಗಾಗಿ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಬೀಳುತ್ತವೆ. ಗೂಡು ಕಂಡ ದಿನ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದುಕೋ, ದಿನಾ ದೂರದಿಂದ ನೋಡಿ ಏನಾಯಿತು ಅಂತ ಬರೆ. ಮೊದಲ ಗೊದಮೊಟ್ಟೆ ಯಾವತ್ತು ಬಿತ್ತು ಅಂತ ನನಗೆ ಕಾರ್ಡು ಹಾಕು, ಇದೇ ಅಂಕಣದಲ್ಲಿ ಅಚ್ಚು ಹಾಕಿಸುತ್ತೇನೆ.